ಮೊದಲು ಮಕ್ಕಳ ಪೆನ್ನು, ಆಮೇಲೆ ಎಐ

ಶಾಲೆಗೆ ಎಐ ಬೇಕೋ ಬೇಡವೋ ಅಂತ ಎಲ್ಲ ಕಡೆ ವಾದ ನಡೀತಿದೆ. ನನಗೆ ಅದಕ್ಕಿಂತ ಮುಖ್ಯ ಅನಿಸೋದು, ಪಿರಿಯಡ್‌ನಲ್ಲಿ ಯಾವಾಗ ಅದನ್ನು ಒಳಗೆ ಬಿಟ್ಟುಕೊಳ್ಳಬೇಕು ಅನ್ನೋದು. ಮಗು ತಾನಾಗಿ ಒದ್ದಾಡುವ ಮೊದಲೇ ಉತ್ತರ ಕಣ್ಣಿಗೆ ಬಿದ್ದರೆ ಕಲಿಯೋಕೆ ಏನೂ ಉಳಿಯೋದಿಲ್ಲ. ಒಂದಿಷ್ಟು ಬರೆದು, ಎಡವಿ, ಆಮೇಲೆ ನೋಡಿದರೆ ಅದೇ ಉತ್ತರದಿಂದ ಪ್ರಯೋಜನ ಇದೆ.

ಟರ್ಕಿಯಲ್ಲಿ ಸುಮಾರು ಸಾವಿರ ಪ್ರೌಢಶಾಲಾ ಮಕ್ಕಳನ್ನಿಟ್ಟುಕೊಂಡು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಗಣಿತದಲ್ಲಿ ಇದನ್ನೇ ಪರೀಕ್ಷಿಸಿ, 2024ರಲ್ಲಿ ಫಲಿತಾಂಶ ಹೊರಗಿಟ್ಟರು. ಮಾಮೂಲಿ ಚಾಟ್‌ಬಾಟ್ ಕೈಗೆ ಸಿಕ್ಕ ಮಕ್ಕಳು ಅಭ್ಯಾಸದ ಲೆಕ್ಕಗಳಲ್ಲಿ ಶೇ. 48ರಷ್ಟು ಮುಂದಿದ್ದರು. ಅದನ್ನು ತೆಗೆದು ಪರೀಕ್ಷೆ ಕೊಟ್ಟಾಗ, ಅದನ್ನು ಮುಟ್ಟದೇ ಕಲಿತವರಿಗಿಂತ ಶೇ. 17ರಷ್ಟು ಹಿಂದೆ ಬಿದ್ದರು. ಇನ್ನೊಂದು ಗುಂಪಿನ ಬಾಟ್ ಉತ್ತರ ಹೇಳುತ್ತಿರಲಿಲ್ಲ, ಸುಳಿವು ಮಾತ್ರ ಕೊಡುತ್ತಿತ್ತು. ಆ ಮಕ್ಕಳಿಗೆ ಈ ಪೆಟ್ಟು ಹೆಚ್ಚುಕಡಿಮೆ ಬೀಳಲಿಲ್ಲ.

ನಮ್ಮ ಸರ್ಕಾರಿ, ಅನುದಾನಿತ ಪ್ರೌಢಶಾಲೆಗಳಲ್ಲಿ ಮಗುವಿಗೊಂದು ಕಂಪ್ಯೂಟರ್ ಇಲ್ಲ ಅಂತ ಕೊರಗುವವರಿದ್ದಾರೆ. ಎಐ ಮಟ್ಟಿಗೆ ಒಂದೇ ಪರದೆ ಇರೋದು ಒಳ್ಳೆಯದೇ ಅಂತ ನನ್ನ ಅಭಿಪ್ರಾಯ. ಮೇಷ್ಟ್ರ ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್ ಅಥವಾ ಸ್ಮಾರ್ಟ್ ಟಿವಿ ಇದ್ದರೆ ಸಾಕು. ಮಕ್ಕಳಿಗೆ ಲಾಗಿನ್ ಬೇಡ.

ಒಂಬತ್ತನೇ ತರಗತಿಗೆ ‘ನಮ್ಮೂರ ಕೆರೆ’ ಪ್ರಬಂಧ ಅಂದುಕೊಳ್ಳಿ. ನಲವತ್ತು ನಿಮಿಷದ ಪಿರಿಯಡ್. ಮೊದಲ ಹದಿನೈದು ನಿಮಿಷ ಪರದೆ ಆಫ್, ಎಲ್ಲರೂ ಪೆನ್ನಿನಲ್ಲಿ ಬರೀಬೇಕು, ಹೊಡೆದುಹಾಕಿದ್ದೂ ಹಾಗೇ ಇರಲಿ. ಆಮೇಲೆ ಎಐ ಬರೆದದ್ದನ್ನು ಪರದೆಗೆ ಹಾಕಿ ಒಬ್ಬರಿಂದ ಓದಿಸಿ. ಅದು ‘ಕೆರೆಗಳು ಪ್ರಕೃತಿಯ ಅಮೂಲ್ಯ ಕೊಡುಗೆ’ ಎಂಬ ಧಾಟಿಯಲ್ಲಿ ಶುರುವಾಗಿ ‘ಉಳಿಸಿಕೊಳ್ಳುವುದು ನಮ್ಮೆಲ್ಲರ ಕರ್ತವ್ಯ’ ಅಂತ ಮುಗಿಯುತ್ತೆ. ಮಕ್ಕಳು ನೋಟ್‌ಬುಕ್‌ನಲ್ಲಿ ಎರಡು ಕಾಲಂ ಹಾಕಲಿ: ಯಾವ ಊರಿನ ಕೆರೆಗಾದರೂ ಒಪ್ಪುವ ವಾಕ್ಯ ಒಂದು ಕಡೆ, ನಮ್ಮೂರಿಗೆ ಮಾತ್ರ ಒಪ್ಪುವ ವಾಕ್ಯ ಇನ್ನೊಂದು ಕಡೆ. ಎರಡನೇ ಕಾಲಂ ಹೆಚ್ಚಾಗಿ ಖಾಲಿಯೇ ಉಳಿಯುತ್ತೆ. ತೂಬು ಯಾವ ದಿಕ್ಕಿಗಿದೆ, ಕೋಡಿ ಬಿದ್ದದ್ದು ಯಾವಾಗ, ಹೂಳು ಎಷ್ಟು ತುಂಬಿದೆ, ಏರಿ ಮೇಲೆ ಏನು ಬೆಳೆದಿದೆ, ಅಚ್ಚುಕಟ್ಟಿನಲ್ಲಿ ಯಾರ ಗದ್ದೆ ಇದೆ — ಇದೆಲ್ಲ ಗೊತ್ತಿರೋದು ಮಕ್ಕಳಿಗೆ. ಕೊನೆಯ ಹತ್ತು ನಿಮಿಷ ಅವರು ತಮ್ಮ ಪ್ರಬಂಧಕ್ಕೆ ಇವನ್ನು ಸೇರಿಸಲಿ. ಅಂಕ ಕೊಡುವಾಗ ಕರಡನ್ನೂ ತಿದ್ದಿದ್ದನ್ನೂ ಎರಡನ್ನೂ ನೋಡಿ.

ಎಐ ಉತ್ತರವನ್ನು ಹಿಂದಿನ ದಿನವೇ ತೆಗೆದು ಪಿಡಿಎಫ್ ಮಾಡಿಟ್ಟುಕೊಳ್ಳೋದು ವಾಸಿ. ತರಗತಿಯಲ್ಲಿ ನೆಟ್ ಕೈಕೊಡಬಹುದು. ಜೊತೆಗೆ ಒಂದೇ ಪ್ರಶ್ನೆಗೆ ಪ್ರತಿ ಸಲ ಬೇರೆ ಉತ್ತರ ಬರುವುದರಿಂದ, ನೀವು ಓದಿ ನೋಡದ್ದು ಮಕ್ಕಳ ಮುಂದೆ ಬಂದುಬಿಡುತ್ತೆ.

ಗಣಿತದ ಮೇಷ್ಟ್ರಿಗೆ ಎಐ ನಿಜಕ್ಕೂ ಸಹಾಯ ಮಾಡೋದು ಪ್ರಶ್ನೆ ತಯಾರಿಯಲ್ಲಿ. ಆದರೆ ಅಲ್ಲೇ ಎಡವುವುದೂ ಉಂಟು. ಹತ್ತನೇ ತರಗತಿಗೆ ಅಪವರ್ತನದಿಂದ ಬಿಡಿಸುವ ವರ್ಗ ಸಮೀಕರಣದ ಲೆಕ್ಕ ಬೇಕು ಅಂತ ಕೇಳಿದಿರಿ. ‘ಆಯತಾಕಾರದ ತೋಟದ ಉದ್ದ ಅಗಲಕ್ಕಿಂತ 7 ಮೀ. ಹೆಚ್ಚು, ವಿಸ್ತೀರ್ಣ 60 ಚ.ಮೀ.’ ಅಂತ ಕೊಟ್ಟರೆ ಅಗಲ 5 ಮೀ., ಉದ್ದ 12 ಮೀ., ಸರಿಹೋಯಿತು. ಅದೇ ವಿಸ್ತೀರ್ಣ 62 ಅಂತ ಕೊಟ್ಟರೆ ಶೋಧಕ (b² − 4ac) 297 ಆಗುತ್ತೆ, ಪೂರ್ಣವರ್ಗ ಅಲ್ಲ, ಅಪವರ್ತನ ಆಗೋದೇ ಇಲ್ಲ. ಓದುವಾಗ ಎರಡೂ ಲೆಕ್ಕ ಒಂದೇ ಥರ ಕಾಣುತ್ತವೆ. ಅದಕ್ಕೇ ಪ್ರತಿ ಲೆಕ್ಕದ ಶೋಧಕವನ್ನು ಕೈಯಾರೆ ತೆಗೆದು ನೋಡಿ, ಎಐ ಕೊಟ್ಟ ಕೀ ಉತ್ತರವನ್ನು ಮುಚ್ಚಿಟ್ಟು ನೀವೇ ಬಿಡಿಸಿ, ಆಮೇಲೆ ಜೆರಾಕ್ಸ್‌ಗೆ ಕಳಿಸಿ.

ಕನ್ನಡ ಮೇಷ್ಟ್ರು ಇನ್ನೂ ಹುಷಾರಾಗಿರಬೇಕು, ಅದರಲ್ಲೂ ಛಂದಸ್ಸಿನಲ್ಲಿ. ‘ಪುಸ್ತಕ’ಕ್ಕೆ ಪ್ರಸ್ತಾರ ಹಾಕಲು, ಅಂದರೆ ಲಘು ಗುರು ಗುರುತಿಸಲು, ಮಗುವಿಗೆ ಹೇಳಿ: ಒತ್ತಕ್ಷರದ ಹಿಂದಿನ ‘ಪು’ ಗುರು, ‘ಸ್ತ’ ಲಘು, ‘ಕ’ ಲಘು, ಒಟ್ಟು ನಾಲ್ಕು ಮಾತ್ರೆ. ಮಗುವಿಗೆ ಕಾಣೋದು ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಅದೇ ಪದ ಆರು ಸಂಕೇತಗಳು: ಪ, ಉಕಾರದ ಕೊಂಬು, ಸ, ಅರ್ಧಾಕ್ಷರದ ಚಿಹ್ನೆ, ತ, ಕ. ಎಐ ಇವನ್ನು ತನಗೆ ಬೇಕಾದ ಹಾಗೆ ತುಂಡು ಮಾಡಿಕೊಳ್ಳುತ್ತೆ, ಆ ತುಂಡುಗಳು ನಮ್ಮ ಅಕ್ಷರಕ್ಕೆ ಸರಿಹೊಂದಬೇಕೆಂದಿಲ್ಲ. ಹಾಗಾಗಿ ಭಾಮಿನಿ ಷಟ್ಪದಿಯ ಲಕ್ಷಣ ಸರಿಯಾಗಿ ಹೇಳಿ, ಮರುಕ್ಷಣವೇ 14 ಮಾತ್ರೆಯ ಸಾಲಿಗೆ ತಪ್ಪು ಪ್ರಸ್ತಾರ ಹಾಕಿಕೊಡಬಹುದು. ಅದು ಹಾಕಿದ ಪ್ರಸ್ತಾರವನ್ನು ಬೋರ್ಡ್ ಮೇಲೆ ಬರೆದು ತಪ್ಪು ಹುಡುಕಿಸಿ. ಲಘು ಗುರು ಗಟ್ಟಿಯಾಗೋಕೆ ಇದು ಒಳ್ಳೆಯ ಅಭ್ಯಾಸ.

ಹೋಮ್‌ವರ್ಕ್ ಎಐನಿಂದ ಬರೆಸಿದ್ದೋ ಅಂತ ಪತ್ತೆ ಮಾಡುವ ಸಾಫ್ಟ್‌ವೇರ್ ನಂಬಿ ದಯವಿಟ್ಟು ಯಾವ ಮಗುವನ್ನೂ ನಿಲ್ಲಿಸಿ ಕೇಳಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಇಂಥದ್ದೊಂದು ಬಿಟ್ಟು, ನಿಖರತೆ ಸಾಲದು ಅಂತ ಅದೇ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ನೋಡಿದಾಗ, ಇಂಗ್ಲಿಷ್ ಮನೆಮಾತಲ್ಲದವರು ಕೈಯಾರೆ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ಈ ಸಾಧನಗಳು ಯಂತ್ರದ್ದು ಅಂದಿದ್ದವು. ಸರಳ ಪದ, ಚಿಕ್ಕ ವಾಕ್ಯ ಕಂಡರೆ ಅವು ಅನುಮಾನ ಪಡುತ್ತವೆ. ನಮ್ಮ ಮಕ್ಕಳ ಇಂಗ್ಲಿಷ್ ಇರೋದೇ ಹಾಗೆ. ಅನುಮಾನ ಬಂದರೆ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿ: ಈ ಪದದ ಅರ್ಥ ಏನು, ಈ ವಿಷಯ ಎಲ್ಲಿ ಸಿಕ್ಕಿತು, ಇದಕ್ಕೆ ಇನ್ನೊಂದು ಉದಾಹರಣೆ ಕೊಡು. ಐದು ನಿಮಿಷದಲ್ಲಿ ಗೊತ್ತಾಗುತ್ತೆ.

ಮಕ್ಕಳ ಮಾಹಿತಿಯ ವಿಷಯದಲ್ಲಿ ಮಾತ್ರ ಸ್ವಲ್ಪವೂ ಸಡಿಲ ಬಿಡಬಾರದು. ಅಂಕಪಟ್ಟಿ, ಸ್ಯಾಟ್ಸ್ ನಂಬರ್ (ಇಲಾಖೆಯ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ), ಆಧಾರ್, ಜಾತಿ ಕಾಲಂ ಇರುವ ಎಕ್ಸೆಲ್ ಶೀಟನ್ನು ‘ವಿಶ್ಲೇಷಣೆ ಮಾಡಿಕೊಡು’ ಅಂತ ಚಾಟ್‌ಬಾಟ್‌ಗೆ ಹಾಕಲೇಬಾರದು. ಹೆಸರಿನ ಜಾಗದಲ್ಲಿ 1, 2, 3 ಅಂತ ಹಾಕಿ, ಅಂಕ ಮಾತ್ರ ಬಿಟ್ಟು ಉಳಿದ ಕಾಲಂ ಅಳಿಸಿ. ಚಾಟ್‌ಜಿಪಿಟಿ ಆದರೆ ಸೆಟ್ಟಿಂಗ್ಸ್‌ನ ಡೇಟಾ ಕಂಟ್ರೋಲ್ಸ್‌ಗೆ ಹೋಗಿ ನಿಮ್ಮ ಸಂಭಾಷಣೆಯನ್ನು ಮಾದರಿ ಸುಧಾರಣೆಗೆ ಬಳಸುವ ಆಯ್ಕೆ ಆಫ್ ಮಾಡಿ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ದತ್ತಾಂಶ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕೆನ್ನುವುದೇ ಅದರ ಮೂಲ ನಿಯಮ. ತರಗತಿಯಲ್ಲಿ ಇಂಥ ಎಐ ಬಳಸಲು ಕನಿಷ್ಠ 13 ವರ್ಷ ಇರಲಿ ಅಂತ ಯುನೆಸ್ಕೊ 2023ರಲ್ಲೇ ಹೇಳಿದೆ. ಪ್ರಾಥಮಿಕ ಶಾಲೆಯ ಮಕ್ಕಳ ಕೈಗೆ ಇದನ್ನು ಕೊಡುವ ಅವಸರ ಯಾರಿಗೂ ಬೇಡ.

ಇಲಾಖೆಗೆ, ಆಡಳಿತ ಮಂಡಳಿಗಳಿಗೆ ಒಂದು ಮಾತು. ಎಐ ಬಂದ ಮೇಲೆ ಮೇಷ್ಟ್ರ ಕೆಲಸ ಹಗುರಾಯಿತು ಅಂತ ಇನ್ನೊಂದು ಕೆಲಸ ಹೊರಿಸಬೇಡಿ. ಹತ್ತು ಪ್ರಶ್ನೆ ಒಂದು ನಿಮಿಷದಲ್ಲಿ ಬರುತ್ತವೆ, ಅವನ್ನು ಬಿಡಿಸಿ, ಪಠ್ಯಪುಸ್ತಕದ ಜೊತೆ ತಾಳೆ ನೋಡಿ ತಿದ್ದೋಕೆ ಅರ್ಧ ಗಂಟೆ ಹಿಡಿಯುತ್ತೆ. ಆ ಅರ್ಧ ಗಂಟೆಯನ್ನು ವೇಳಾಪಟ್ಟಿಯಲ್ಲೇ ಕೊಡಿ.