ಜೂಕ್‌ಬಾಕ್ಸ್ ಮತ್ತು ಐದು ಪೈಸೆ

ಹಾಡುಗಾರ ಜಿಮ್ ರೀವ್ಸ್ ಅಮೆರಿಕದ ಟೆಕ್ಸಾಸ್‌ನವನೆಂಬುದು ನನಗೆ ಗೊತ್ತಾದದ್ದು ಕಾಲೇಜು ಸೇರಿದ ಮೇಲೆ. ಅಲ್ಲಿಯವರೆಗೆ ಅವನು ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನವನೇ ಇರಬೇಕೆಂದು, ಬಹುಶಃ ನಮ್ಮ ಪಕ್ಕದ ಮನೆಯ ಆಂಟಿಯ ತಮ್ಮನೋ ಮೈದುನನೋ ಆಗಿರಬೇಕೆಂದು ನಂಬಿದ್ದೆ. ನಂಬದಿರಲು ಕಾರಣವೂ ಇರಲಿಲ್ಲ. ಆಂಗ್ಲೋ-ಇಂಡಿಯನ್ನರಾದ ಆಂಟಿ ಅವನನ್ನು "ನಮ್ಮ ಜಿಮ್" ಎಂದೇ ಕರೆಯುತ್ತಿದ್ದರು. ಅವರ ಮನೆಯ ಹಜಾರದಲ್ಲಿ ಏಸುವಿನ ಪಟದ ಪಕ್ಕದಲ್ಲೇ, ಕೋಟು ತೊಟ್ಟು ನಗುವ ಅವನ ಚಿತ್ರವಿದ್ದ ರೆಕಾರ್ಡಿನ ಹೊದಿಕೆ ಗೋಡೆಗೆ ಒರಗಿ ನಿಂತಿರುತ್ತಿತ್ತು. ಅಮ್ಮ ಒಮ್ಮೆ, "ಆ ಕೋಟಿನವರು ಹೋಗಿ ಬಹಳ ವರ್ಷ ಆಯ್ತಾ?" ಎಂದು ಮರುಕದಿಂದ ವಿಚಾರಿಸಿದಳು. ಆಂಟಿ ಅಷ್ಟೇ ಮರುಕದಿಂದ, ತಮ್ಮ ತಮಿಳಿನಲ್ಲಿ, ವಿಮಾನ ಬಿದ್ದು ಹೋದ ಎಂದರು. ಅದೂ ನಿಜವೇ. 1964ರ ಜುಲೈ 31ರಂದು, ತಾನೇ ನಡೆಸುತ್ತಿದ್ದ ಸಣ್ಣ ವಿಮಾನವು ನ್ಯಾಶ್‌ವಿಲ್ ಬಳಿ ಬಿರುಮಳೆಗೆ ಸಿಕ್ಕಿ ಬಿದ್ದು, ಅವನು ತನ್ನ 40ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದ. ಆದರೂ ಅವನ ಹೊಸ ರೆಕಾರ್ಡುಗಳು ಬರುತ್ತಲೇ ಇದ್ದವು. 'ಡಿಸ್ಟಂಟ್ ಡ್ರಮ್ಸ್' ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ್ದು ಅವನು ಸತ್ತು ಎರಡು ವರ್ಷಗಳಾದ ಮೇಲೆ.

ನನ್ನ ತಂದೆ ತೀರ್ಥಹಳ್ಳಿಯ ಕಡೆಯಿಂದ ಬಂದು, ತಮಿಳೇ ಬೀದಿಮಾತಾಗಿದ್ದ ಆ ಗಣಿಯೂರಿನಲ್ಲಿ ಕನ್ನಡ ಮೇಷ್ಟರಾಗಿದ್ದರು. ನಮ್ಮ ಮನೆಯಲ್ಲಿ ರೇಡಿಯೊ ಇತ್ತು. ಪಕ್ಕದ ಮನೆಯಲ್ಲಿ ಎಚ್‌ಎಂವಿ ಕಂಪನಿಯ, ಮುಚ್ಚಳ ತೆಗೆದರೆ ಆ ಮುಚ್ಚಳವೇ ಸ್ಪೀಕರ್ ಆಗುವ ರೆಕಾರ್ಡ್ ಪ್ಲೇಯರ್ ಇತ್ತು. ಅದರ ಮುಳ್ಳು ಸವೆದು, ತಟ್ಟೆಯ ಮೇಲೆ ನಿಲ್ಲದೆ ಸಾಲಿನಿಂದ ಸಾಲಿಗೆ ಎಗರುತ್ತಿದ್ದುದರಿಂದ, ಆಂಟಿ ಮುಳ್ಳಿನ ಕೈಯ ತುದಿಗೆ ಐದು ಪೈಸೆಯ ಚೌಕದ ಅಲ್ಯೂಮಿನಿಯಂ ನಾಣ್ಯವೊಂದನ್ನು ಇಟ್ಟಿರುತ್ತಿದ್ದರು. ಹಾಡು ತಿರುಗುತ್ತಿದ್ದಷ್ಟು ಹೊತ್ತೂ ನನ್ನ ಕಣ್ಣು ನಾಣ್ಯದ ಮೇಲೆಯೇ ಇರುತ್ತಿತ್ತು. ನನ್ನ ಸಂಗೀತಾಸಕ್ತಿಯ ಮೂಲ ಅದೇ ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯೇನಿಲ್ಲ.

ಅಲ್ಲಿ ದಿನವೂ ತಿರುಗುತ್ತಿದ್ದ ಹಾಡು 'ಹೀಲ್ ಹ್ಯಾವ್ ಟು ಗೋ'. 1960ರಲ್ಲಿ ಅಮೆರಿಕದ ಕಂಟ್ರಿ ಎಂಬ ಹಳ್ಳಿಸೊಗಡಿನ ಹಾಡುಗಳ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನದಲ್ಲಿದ್ದ ಈ ಹಾಡನ್ನು ರೆಕಾರ್ಡಿನ ಹಿಂಬದಿಗೆಂದು ಹಾಕಿದ್ದರಂತೆ. ಮುಂಬದಿಯ ಹಾಡನ್ನು ಈಗ ಕೇಳುವವರಿಲ್ಲ. ಬಾರ್ ಒಂದರಿಂದ ಪ್ರೇಯಸಿಗೆ ಫೋನ್ ಮಾಡಿದವನು, ಇಲ್ಲಿಯ ಜೂಕ್‌ಬಾಕ್ಸಿನ ಸದ್ದು ತಗ್ಗಿಸಲು ನಾನು ಹೇಳುತ್ತೇನೆ, ನಿನ್ನ ಪಕ್ಕದಲ್ಲಿರುವ ಆ ಗೆಳೆಯನಿಗೆ ಹೊರಡಲು ನೀನು ಹೇಳು ಎಂದು ಬೇಡಿಕೊಳ್ಳುವುದಷ್ಟೇ ಅದರ ಕಥೆ. ಎಂಟು ವರ್ಷದ ನನಗೂ ಹತ್ತು ವರ್ಷದ ಅಕ್ಕನಿಗೂ ಆಂಟಿ ಹೇಳಿದ ಕಥೆ ಬೇರೆಯೇ ಇತ್ತು. ದೂರದೂರಿಗೆ ಹೋದ ಯಜಮಾನರು ಮನೆಗೆ ಫೋನ್ ಮಾಡಿದ್ದಾರೆ, ಮನೆಯಲ್ಲಿ ನೆಂಟನೊಬ್ಬ ಕೂತೇ ಇದ್ದಾನೆ, ರಾತ್ರಿಯಾದರೂ ಏಳುತ್ತಿಲ್ಲ, ಅವನಿಗೆ ಹೊರಡಲು ಹೇಳಬೇಕು. ಇದು ನಮಗೆ ಬಹಳ ನ್ಯಾಯವಾಗಿ ಕಂಡಿತು. ಅಂದಿನಿಂದ ನಮ್ಮ ಮನೆಗೆ ಬಂದವರು ಎರಡನೆಯ ಲೋಟ ಕಾಫಿ ಕುಡಿದ ಮೇಲೂ ಕುರ್ಚಿ ಬಿಡದಿದ್ದರೆ, ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ರಾಗವನ್ನು ಮೆಲ್ಲಗೆ ಗುನುಗುತ್ತಿದ್ದಳು. ಒಮ್ಮೆ ಶಾಲೆಯ ಇನ್‌ಸ್ಪೆಕ್ಟರರು, "ಮಗುವಿಗೆ ಇಂಗ್ಲಿಷ್ ಹಾಡೂ ಬರುತ್ತದಲ್ಲ, ಜೋರಾಗಿ ಹೇಳಮ್ಮ" ಎಂದು ಅವಳನ್ನು ಮುಂದೆ ಕರೆದು ಪೂರ್ತಿ ಹಾಡಿಸಿ, ಆಮೇಲೆ ಮೂರನೆಯ ಲೋಟ ಕುಡಿದರು.

ಜೂಕ್‌ಬಾಕ್ಸ್ ಎಂದರೆ ಕಾಸು ಹಾಕಿದರೆ ಹಾಡು ನುಡಿಸುವ ಪೆಟ್ಟಿಗೆಯೆಂದು ತಿಳಿಯದೆ ನಾವು ಅದನ್ನು ಜ್ಯೂಸಿನ ಡಬ್ಬಿಯೆಂದೇ ಇಟ್ಟುಕೊಂಡಿದ್ದೆವು. ಆದರೆ ನನ್ನ ನಿಜವಾದ ತೊಡಕು ಫೋನಿನದು. ಅಪ್ಪ ಅಂಚೆ ಕಚೇರಿಯಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ, ಅರ್ಧ ದಿನ ಕಾದು, ಮೂರೇ ನಿಮಿಷದಲ್ಲಿ ಊರಿನ ಸಮಾಚಾರವನ್ನೆಲ್ಲ ಮುಗಿಸಬೇಕಾಗಿದ್ದ ಕಾಲ ಅದು. "ಅಣ್ಣಯ್ಯಾ, ಕೇಳ್ತದಾ? ಅಡಿಕೆ ಕೊಯ್ಲು ಆಯ್ತಾ?" ಎಂದು ಅವರು ಹಾಕುತ್ತಿದ್ದ ಕೂಗಿಗೆ ಮನಿಯಾರ್ಡರಿಗೆಂದು ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡುತ್ತಿದ್ದರು. ಹೀಗಿರುವಾಗ ಈ ಮನುಷ್ಯ ಅಷ್ಟು ದೂರದಿಂದ ಪಿಸುಗುಟ್ಟಿದರೆ ಆ ಹೆಂಗಸಿಗೆ ಕೇಳಿಸುವುದು ಹೇಗೆ? ಉತ್ತರ ದೊರೆತದ್ದು ದೊಡ್ಡವನಾದ ಮೇಲೆ. ಜಿಮ್ ರೀವ್ಸ್ ಕೂಡ ಮೊದಮೊದಲು ಎಲ್ಲರಂತೆ ಗಟ್ಟಿ ಗಂಟಲಿನಲ್ಲೇ ಹಾಡುತ್ತಿದ್ದವನು. 1957ರಲ್ಲಿ 'ಫೋರ್ ವಾಲ್ಸ್' ಹಾಡುವಾಗ ತುಟಿಯನ್ನು ಮೈಕಿಗೆ ತಾಗುವಷ್ಟು ಹತ್ತಿರ ತಂದು, ದನಿಯನ್ನು ತಗ್ಗಿಸಿದ. ಚೆಟ್ ಅಟ್ಕಿನ್ಸ್‌ರಂಥ ರೆಕಾರ್ಡ್ ನಿರ್ಮಾಪಕರು ಹಳ್ಳಿಯ ಪಿಟೀಲನ್ನು ಹಿಂದೆ ಸರಿಸಿ, ನಯವಾದ ಹಿಮ್ಮೇಳವನ್ನು ಜೋಡಿಸಿದರು. ನ್ಯಾಶ್‌ವಿಲ್ ಶೈಲಿಯೆಂದು ಹೆಸರಾದದ್ದು ಅದೇ. ಹಳ್ಳಿಯ ಸೊಗಡನ್ನು ಕೆಡಿಸಿದರೆಂದು ದೂರುವವರು ಇಂದಿಗೂ ಇದ್ದಾರೆ. ಕಿವಿಯ ಪಕ್ಕದಲ್ಲೇ ಕುಳಿತು ಮಾತನಾಡಿದಂತಿರುವ ಆ ದನಿಯನ್ನು ಬಾಲ್ಯದಲ್ಲಿ ಕೇಳಿದವನು ಆ ದೂರಿಗೆ ದನಿಗೂಡಿಸಲಾರ.

ಆಂಟಿಯ ಯಜಮಾನರು ನೆಲದಡಿಯಲ್ಲಿ ಫೋರ್‌ಮನ್. ಅವರಿಗೆ ಜಿಮ್‌ನ ಬಗ್ಗೆ ಗೌರವವಿದ್ದರೂ ಒಲವು ಇದ್ದದ್ದು ಟೆನ್ನೆಸ್ಸಿ ಅರ್ನಿ ಫೋರ್ಡ್ 1955ರಲ್ಲಿ ಹಾಡಿದ 'ಸಿಕ್ಸ್‌ಟೀನ್ ಟನ್ಸ್' ಮೇಲೆ. ಕೆಂಟಕಿಯ ಕಲ್ಲಿದ್ದಲ ಗಣಿಯವರ ಮಗ ಮರ್ಲ್ ಟ್ರಾವಿಸ್ ಕಟ್ಟಿದ ಹಾಡು ಅದು. ಕಂಪನಿಯ ಅಂಗಡಿಯ ಸಾಲ ತೀರದೆ ಸಾಯಲೂ ಬಿಡುವಿಲ್ಲ ಎಂಬ ಅದರ ಮಾತು ಅವನ ತಂದೆಯೇ ಆಡುತ್ತಿದ್ದದ್ದಂತೆ. ಫೋರ್ಡ್ ಹಾಡಿನುದ್ದಕ್ಕೂ ಬೆರಳು ಚಿಟಿಕೆ ಹೊಡೆಯುತ್ತಾನೆ. ಅಂಕಲ್ ಸಂಬಳದ ಸಂಜೆ ಮಾತ್ರ ಅದನ್ನು ಹಾಕಿಸಿ, ತಾವೂ ಚಿಟಿಕೆ ಹೊಡೆಯುತ್ತಿದ್ದರು. ಮಾತು ಕಡಿಮೆ.

ಈಗ ಈ ಹಾಡುಗಳೆಲ್ಲ ಫೋನಿನಲ್ಲಿವೆ, ಸ್ವಚ್ಛವಾಗಿ, ಎಗರದೆ ಬರುತ್ತವೆ. ಗಣಿಯನ್ನು 2001ರ ಫೆಬ್ರುವರಿ 28ರಂದು ಮುಚ್ಚಿದರು. ಪಕ್ಕದ ಮನೆಯವರು ಅದಕ್ಕೂ ಬಹಳ ಮೊದಲೇ ಮಕ್ಕಳೊಂದಿಗೆ ಆಸ್ಟ್ರೇಲಿಯಾಕ್ಕೆ ಹೊರಟುಹೋಗಿದ್ದರು. ಜೂಕ್‌ಬಾಕ್ಸಿನ ಸಾಲು ಬಂದ ಕೂಡಲೇ ನನ್ನ ಕೈ ತಾನಾಗಿಯೇ ಸದ್ದು ತಗ್ಗಿಸುತ್ತದೆ. "ಸರಿಯಾಗೇ ಇತ್ತಲ್ಲ, ಯಾಕ್ರೀ?" ಎಂದು ಹೆಂಡತಿ ಕೇಳುತ್ತಾಳೆ. ಹೇಳಲು ಹೊರಟರೆ ಅದು ಉದ್ದದ ಕಥೆ.

ಒಂದು ಸಂಜೆ ಆ ಸಾಲಿಗೇ ಸರಿಯಾಗಿ ನೆಲ ಗುಡುಗಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಗಣಿಯಲ್ಲಿ ಬಂಡೆ ಒತ್ತಡ ತಾಳದೆ ಸಿಡಿಯುವುದಕ್ಕೆ ರಾಕ್ ಬರ್ಸ್ಟ್ ಎನ್ನುತ್ತಿದ್ದರು. ನಮಗೆ ಅದೇನೂ ಹೊಸತಲ್ಲ, ಪಾತ್ರೆಗಳು ಅಲುಗಿ ಸುಮ್ಮನಾಗುತ್ತಿದ್ದವು. ಅಂದು ನಾಣ್ಯವಿದ್ದರೂ ಮುಳ್ಳು ಎರಡು ಸಾಲು ಎಗರಿತು. ಆಂಟಿ ಹಾಡನ್ನು ನಿಲ್ಲಿಸಲಿಲ್ಲ. ಗುಂಡಿ ತಿರುಗಿಸಿ, ಇನ್ನೇನು ಕೇಳಿಸಲಾರದೆಂಬಷ್ಟು ಸದ್ದು ಇಳಿಸಿ, ಕೈಯನ್ನು ಅಲ್ಲಿಯೇ ಇಟ್ಟುಕೊಂಡು ಕಿಟಕಿಯ ಕಡೆ ಮುಖಮಾಡಿ ನಿಂತರು. ಓಡುವ ಹೆಜ್ಜೆಯೋ, ಆಂಬುಲೆನ್ಸೋ, ಹೊತ್ತಲ್ಲದ ಹೊತ್ತಿನ ಸೈರನ್ನೋ ಕೇಳಬಹುದೆಂದು. ಅಂಕಲ್ ಆ ಪಾಳಿಯಲ್ಲಿದ್ದರು. ಹಾಡು ಮುಗಿದು, ತಟ್ಟೆ ಬರಿದೇ ತಿರುಗುತ್ತ, ಮುಳ್ಳು ಸರ್ ಸರ್ ಎನ್ನುತ್ತಲೇ ಇತ್ತು. ನನಗೆ ಮನೆಗೆ ಹೋಗು ಎಂದು ಯಾರೂ ಹೇಳಲಿಲ್ಲ.

ಪಾಳಿ ಮುಗಿದು ಅಂಕಲ್ ಎಂದಿನಂತೆ ಬಂದರು. ಆಂಟಿಯ ಮುಖ ನೋಡಿದರು, ಬರಿದೇ ತಿರುಗುತ್ತಿದ್ದ ತಟ್ಟೆಯನ್ನು ನಿಲ್ಲಿಸಿದರು, ಮುಳ್ಳಿನ ಮೇಲಿದ್ದ ನಾಣ್ಯವನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟು, ಪೆಪ್ಪರ್‌ಮಿಂಟ್ ತಗೋ ಎಂದರು. ಮಾರನೆಯ ದಿನ ಹಾಡು ಮತ್ತೆ ಎಗರತೊಡಗಿತು. ಆಂಟಿ ಮೇಜಿನ ಕೆಳಗೆಲ್ಲ ಐದು ಪೈಸೆಯನ್ನು ಹುಡುಕುತ್ತಿದ್ದರು. ನಾನು ಪೆಪ್ಪರ್‌ಮಿಂಟನ್ನು ಕೆನ್ನೆಯ ಒಂದು ಬದಿಗೆ ಸರಿಸಿಕೊಂಡು ಸುಮ್ಮನೆ ಕುಳಿತಿದ್ದೆ.