ಫಾರಿನ್ನಿಂದ ನಡೆದುಕೊಂಡು ಬಂದವರು

ಫಾರಿನ್ನಿಗೆ ಹೊರಟವರನ್ನು ಕಳಿಸಿಕೊಡಲು ಮನೆಮಂದಿಯೆಲ್ಲ ಬರುತ್ತಾರೆ. ವಾಪಸ್ ಬಂದ ದಾರಿ ಹೇಗಿತ್ತು ಅಂತ ಮಾತ್ರ ಒಬ್ಬರೂ ಕೇಳುವುದಿಲ್ಲ. ವಿಮಾನದಲ್ಲಿ ಬಂದವರಿಗೆ ಹೇಳಲು ಏನೂ ಇರುವುದಿಲ್ಲ ಬಿಡಿ. ಹತ್ತಿದರು, ತೂಕಡಿಸಿದರು, ದೇವನಹಳ್ಳಿಯಲ್ಲಿ ಇಳಿದರು. ನಡೆದುಕೊಂಡು ಬಂದವರ ಕತೆ ಬೇರೆ.

ನಾನೂ ನನ್ನ ಗೆಳೆಯನೂ ಹಾಗೆ ಬಂದವರು. ಆಗ ಕಾಲೇಜು ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ. ನಮ್ಮ ಜೇಬಿಗೆ ಎಟಕುವ ಪರದೇಶ ಅಂದರೆ ನೇಪಾಳ ಒಂದೇ. ವೀಸಾ ಬೇಡ, ವೋಟರ್ ಐಡಿ ಸಾಕು. ಕಠ್ಮಂಡು ಮುಗಿಸಿ ಪೋಖರಾಕ್ಕೆ ಹೋಗಿ, ಫೇವಾ ಕೆರೆ ದಂಡೆಯಲ್ಲಿ ದುಡ್ಡು ಕರಗುವವರೆಗೂ ಕೂತೆವು.

ಕರಗುವುದು ಕಣ್ಣಿಗೆ ಕಾಣುತ್ತಿತ್ತು ಕೂಡ. ನೇಪಾಳದ ನೋಟಿನ ಒಂದು ಬದಿಗೆ ಎವರೆಸ್ಟ್, ಇನ್ನೊಂದು ಬದಿಗೆ ಒಂದು ಪ್ರಾಣಿ. ಸಾವಿರಕ್ಕೆ ಆನೆ, ಐನೂರಕ್ಕೆ ಹುಲಿ, ನೂರಕ್ಕೆ ಘೇಂಡಾಮೃಗ, ಐದಕ್ಕೆ ಯಾಕ್. ಹೋದ ಹೊಸದರಲ್ಲಿ ಪರ್ಸಿನಲ್ಲಿ ಆನೆಗಳೇ ಇದ್ದವು. ಒಂದೊಂದು ಆನೆ ಮುರಿಸಿದಾಗಲೂ ಎರಡು ಹುಲಿ ಬರುತ್ತಿದ್ದವು, ರಾತ್ರಿ ರೂಮಿನ ಬಾಡಿಗೆ ಕೊಡುವ ಹೊತ್ತಿಗೆ ಹುಲಿಯೂ ಹೋಗಿರುತ್ತಿತ್ತು. ಹೊರಡುವ ದಿನ ಉಳಿದದ್ದು ಬಸ್ ಚಾರ್ಜಿಗೆ ಬೇಕಾಗುವಷ್ಟು ಘೇಂಡಾಮೃಗ ಮತ್ತು ಒಂದಿಷ್ಟು ಮಾಸಲು ಯಾಕುಗಳು. ಊರು ತಲುಪಿಸಲಿಕ್ಕೆ ಅಂತ ನಮ್ಮ ರೂಪಾಯಿ ಸ್ವಲ್ಪ ಬೇರೆ ಕಟ್ಟಿಟ್ಟಿದ್ದೆವು. ಅದನ್ನು ಮುಟ್ಟುವ ಹಾಗಿರಲಿಲ್ಲ.

ಅಲ್ಲಿ ಯಾವ ಅಂಗಡಿಯಲ್ಲಿ ಬೆಲೆ ಕೇಳಿದರೂ ಮೊದಲು ಇತ್ಯರ್ಥವಾಗಬೇಕಾದ್ದು ಐಸಿಯೋ ಎನ್‌ಸಿಯೋ ಅನ್ನುವುದು. ಐಸಿ ಅಂದರೆ ಇಂಡಿಯಾದ ದುಡ್ಡು, ಎನ್‌ಸಿ ಅಂದರೆ ನೇಪಾಳದ್ದು. ನಮ್ಮ 100 ರೂಪಾಯಿಗೆ ಅವರ 160. ಈ ಲೆಕ್ಕ 1993ರಿಂದ ಕದಲಿಲ್ಲ. ಹಾಗಾಗಿ ಹೋಗುವಾಗ ಎಂಥ ಬಡಪಾಯಿಯೂ ಒಂದಕ್ಕೆ ಒಂದೂವರೆಗಿಂತ ಜಾಸ್ತಿ ಶ್ರೀಮಂತ. ಬರುವಾಗ ಗಡಿಯ ಗೇಟು ದಾಟಿದ ಕೂಡಲೇ ಆ ಶ್ರೀಮಂತಿಕೆ ಇಳಿದುಹೋಗುತ್ತದೆ.

ಆ ಗೇಟು ಇರುವುದು ಸುನೌಲಿಯಲ್ಲಿ. ಪೋಖರಾದಿಂದ ಬೆಟ್ಟದ ದಾರಿಯಲ್ಲಿ ಹೊಟ್ಟೆ ತೊಳಸಿಕೊಂಡು ಇಳಿದು, ಬುಟ್ವಲ್ ದಾಟಿ, ಬಯಲಿನ ಧಗೆಯಲ್ಲಿ ಬಂದು ತಲುಪಿದೆವು. ಬಸ್ ಟಿಕೆಟ್ಟಿನಲ್ಲಿ ಇಸವಿ 2075 ಅಂತಿತ್ತು. ಅವರದು ವಿಕ್ರಮ ಸಂವತ್, ನಮ್ಮ ಇಸವಿಗಿಂತ ಅಷ್ಟು ಮುಂದೆ. ಗಡಿಯಾರವೂ ನಮಗಿಂತ 15 ನಿಮಿಷ ಮುಂದೆ. ಗೇಟಿನ ಕೆಳಗೆ ಸೈಕಲ್ಲು, ರಿಕ್ಷಾ, ತಲೆಮೇಲೆ ಮೂಟೆ ಹೊತ್ತ ಹೆಂಗಸರು ಸುಮ್ನೆ ಆಚೀಚೆ ಓಡಾಡುತ್ತಿದ್ದರು. ನಾವೂ ಅವರ ಜೊತೆ ನಡೆದೆವು. ಐವತ್ತೇಳು ವರ್ಷ ಕಳೆಯಿತು, ಕಾಲು ಗಂಟೆ ಸಿಕ್ಕಿತು. ಈಚೆಗೆ ಬಂದಾಗ ಒಬ್ಬ ಪೊಲೀಸಪ್ಪ ಬ್ಯಾಗ್ ತೆಗೆಸಿದ. ವಾರಗಟ್ಟಲೆ ಒಗೆಯದ ಕಾಲುಚೀಲ ಮೇಲೇ ಇತ್ತು. ಮುಖ ಆ ಕಡೆ ಮಾಡಿ "ಜಾವ್ ಜಾವ್" ಅಂದ. ನಮ್ಮ ಇಮಿಗ್ರೇಷನ್ ಅಷ್ಟೇ.

ತಾಯ್ನಾಡಿಗೆ ಕಾಲಿಟ್ಟೆವು ಅಂತ ಏನಾದರೂ ಅನ್ನಿಸಬೇಕಿತ್ತು, ಅಲ್ವಾ? ಏನೂ ಅನ್ನಿಸಲಿಲ್ಲ. ಆಚೆ ಇದ್ದ ಧೂಳೇ ಈಚೆ, ಆಚೆ ಕುಡಿದ ಚಹಾವೇ ಈಚೆ. ಕಿವಿಗೆ ಬೀಳುತ್ತಿದ್ದ ಭೋಜಪುರಿಯೂ ಅದೇ. ಆಚೆ ನಮ್ಮನ್ನು "ಇಂಡಿಯಾದವರು" ಅಂತ ಗುರುತಿಸುತ್ತಿದ್ದರು. ಈಚೆ ಗೋರಖ್‌ಪುರದ ಜೀಪಿನಲ್ಲಿ ಪಕ್ಕದವರು ಕೇಳಿದ್ದು "ಮದ್ರಾಸಿನವರಾ?" ಅಂತ. ಹಾಗೆ ನೋಡಿದರೆ ನಾವು ಫಾರಿನ್ನಿನವರಾದದ್ದು ಇಂಡಿಯಾಕ್ಕೆ ಬಂದ ಮೇಲೆಯೇ.

ಗೋರಖ್‌ಪುರದ ಪ್ಲಾಟ್‌ಫಾರಂ ಆಗ ಜಗತ್ತಿನಲ್ಲೇ ಉದ್ದದ್ದು, 1,366 ಮೀಟರ್. 2023ರಲ್ಲಿ ಆ ದಾಖಲೆ ನಮ್ಮ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣಕ್ಕೆ ಬಂತು, 1,507 ಮೀಟರ್. ಪೇಪರಿನಲ್ಲಿ ಓದಿ ಎಲ್ಲರೂ ಹೆಮ್ಮೆಪಟ್ಟರು. ನನಗೆ ಹೆಗಲು ನೋವು ನೆನಪಾಯಿತು. ಬೆನ್ನ ಮೇಲೆ ಬ್ಯಾಗ್ ಹೊತ್ತು, ನಮ್ಮ ಸ್ಲೀಪರ್ ಬೋಗಿ ಆ ತುದಿಯಲ್ಲಿದೆ ಅಂತ ಕೇಳಿ ನಡೆದವರಿಗೆ ಪ್ಲಾಟ್‌ಫಾರಂ ಉದ್ದವಾದಷ್ಟೂ ಸಂತೋಷವಾಗುವುದಿಲ್ಲ.

ಮುಂದೆ ಯಶವಂತಪುರದವರೆಗೆ ರೈಲು. ಲಖನೌ, ಕಾನ್ಪುರ, ಝಾನ್ಸಿ, ಭೋಪಾಲ್ ಹೆಸರುಗಳೆಲ್ಲ ಬಿಸಿಗಾಳಿಯ ಜೊತೆ ಕಿಟಕಿಯಲ್ಲಿ ಬಂದು ಹೋದವು. ಬೆವರು, ನಿದ್ದೆ, ಪೂರಿ, ಮತ್ತೆ ನಿದ್ದೆ. ಪೋಖರಾದಲ್ಲಿ ದಾಲ್ ಭಾತ್ ತಟ್ಟೆಗೆ ಬೇಡ ಅನ್ನುವವರೆಗೆ ಬಡಿಸುತ್ತಿದ್ದರಲ್ಲ, ಆ ಮಾತು ಗೆಳೆಯ ಪದೇ ಪದೇ ತೆಗೆದು ಹೊಟ್ಟೆ ಉರಿಸುತ್ತಿದ್ದ. ಬಲ್ಲಾರ್‌ಶಾ ಕಳೆದ ಮೇಲೆ ಯಾರೋ "ಇಡ್ಲಿ, ವಡಾ" ಅಂತ ಕೂಗಿಕೊಂಡು ಬಂದ. ಇಡ್ಲಿ ಕಲ್ಲಿನ ಹಾಗಿತ್ತು. ಇಬ್ಬರೂ ಇನ್ನೊಂದೊಂದು ಪ್ಲೇಟ್ ತೆಗೆದುಕೊಂಡೆವು.

ಹಿಂದೂಪುರ ದಾಟಿ ಗೌರಿಬಿದನೂರಿನ ಹಳದಿ ಬೋರ್ಡ್ ಕಂಡಾಗ ಗೆಳೆಯ ಮೇಲಿನ ಬರ್ತಿನಿಂದ ಧುಮುಕಿದ. ದುಂಡಗಿನ ಕನ್ನಡ ಅಕ್ಷರ ಎಲ್ಲಕ್ಕಿಂತ ಮೇಲೆ. ಕೆಳಗೆ ಪ್ಲಾಟ್‌ಫಾರಮಿನಲ್ಲಿ ಒಬ್ಬಾತ ಫೋನಿನಲ್ಲಿ ಯಾರಿಗೋ "ಲೇ, ಎಲ್ ಸತ್ತಿದ್ಯೋ" ಅಂತ ಬಯ್ಯುತ್ತಿದ್ದ. ಅಷ್ಟು ದಿನದಲ್ಲಿ ಕಿವಿಗೆ ಅಷ್ಟು ಹಿತವಾದ ಮಾತು ಬಿದ್ದಿರಲಿಲ್ಲ. ನನ್ನ ಪ್ರಕಾರ ಫಾರಿನ್ ಮುಗಿದದ್ದು ಅಲ್ಲಿ.

ಮನೆಯಲ್ಲಿ ಅಮ್ಮ ಬ್ಯಾಗನ್ನು ಒಳಗೆ ಬಿಡಲಿಲ್ಲ. ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಪಕ್ಕದ ಮನೆ ಆಂಟಿ ಬಂದು ಕೂತಿದ್ದರು.

"ಪಾಸ್‌ಪೋರ್ಟಿಗೆ ಸೀಲ್ ಹಾಕಿದ್ರಾ?"

"ಇಲ್ಲ ಆಂಟಿ, ಪಾಸ್‌ಪೋರ್ಟೇ ಬೇಡ ಅಲ್ಲಿಗೆ."

"ಮತ್ತೆ ಅದೆಂಥ ಫಾರಿನ್ನೋ?"

ಉತ್ತರ ಹೊಳೆಯದೆ, ತಂದಿದ್ದ ವೈವೈ ನೂಡಲ್ಸ್ ಪೊಟ್ಟಣ ಕೊಟ್ಟೆ. ನೇಪಾಳದ್ದು ಅಂದೆ. ಆಂಟಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದು ನಮ್ಮ ಬೀದಿ ಕೊನೆ ಅಂಗಡೀಲೂ ಸಿಗುತ್ತಲ್ಲಪ್ಪ" ಅಂದರು. ಆದರೂ ವಾಪಸ್ ಕೊಡಲಿಲ್ಲ.