ಒಂಬತ್ತು ಮೂಲೆಯ ಆಮೆ ನಾಣ್ಯ

ನನ್ನ ಹತ್ತಿರ ಪೆಸಿಫಿಕ್ ಸಾಗರದ ಟುವಾಲು ದೇಶದ ಎರಡು ನಾಣ್ಯಗಳಿವೆ. ಎರಡೂ ಒಂದು ಡಾಲರಿನವು. ನನಗೆ ಜಾಸ್ತಿ ಇಷ್ಟ ಅದರಲ್ಲಿ ಅಗ್ಗದ್ದು.

ಅದು 1976ರದ್ದು. ಬೆಳ್ಳಿಯಲ್ಲ, ತಾಮ್ರ-ನಿಕಲ್. ಒಂಬತ್ತು ಮೂಲೆ, ನಡುವೆ ಆಮೆ. ಯಾರ್ಯಾರದೋ ಜೇಬಿನಲ್ಲಿ ತಿರುಗಾಡಿ ಆಮೆಯ ಬೆನ್ನು ನುಣ್ಣಗಾಗಿದೆ. ಟುವಾಲುವಿನಲ್ಲಿರುವುದೂ ಒಂಬತ್ತೇ ದ್ವೀಪ. ಒಟ್ಟು ನೆಲ 26 ಚದರ ಕಿಲೋಮೀಟರ್, ಜನ ಸುಮಾರು 11 ಸಾವಿರ. ನೋಟು ಆಸ್ಟ್ರೇಲಿಯಾದ್ದು. ಆದರೆ ಚಿಲ್ಲರೆಯ ಮೇಲೆ ಅವರು ತಮ್ಮ ಕಡಲನ್ನೇ ಹಾಕಿದರು. ಒಂದು ಸೆಂಟಿಗೆ ಶಂಖ, ಎರಡಕ್ಕೆ ನಮ್ಮ ಕರಾವಳಿಯವರು ತೊರಕೆ ಅನ್ನುವ ಮೀನು, ಐದಕ್ಕೆ ಶಾರ್ಕ್, ಹತ್ತಕ್ಕೆ ಏಡಿ, ಇಪ್ಪತ್ತಕ್ಕೆ ಹಾರುವ ಮೀನು, ಐವತ್ತಕ್ಕೆ ಆಕ್ಟೋಪಸ್. ಅಂಗಡಿಗೆ ಹೋಗುವ ಮಗುವಿನ ಮುಷ್ಟಿಯಲ್ಲಿ ಇಡೀ ಸಮುದ್ರ!

ಇನ್ನೊಂದು 2006ರದ್ದು. ಒಂದು ಔನ್ಸ್ ಬೆಳ್ಳಿ, ಬೆನ್ನ ಮೇಲೆ ಕೆಂಪು ಪಟ್ಟೆಯ ಜೇಡ. ಹೊಡೆದದ್ದು ಆಸ್ಟ್ರೇಲಿಯಾದ ಪರ್ತ್ ಟಂಕಸಾಲೆ. ಜೇಡವೂ ಆಸ್ಟ್ರೇಲಿಯಾದ್ದೇ. ಟುವಾಲುವಿನದ್ದು ಹೆಸರು ಮಾತ್ರ. ಕೆಲಸ ತುಂಬಾ ಚೆನ್ನಾಗಿದೆ, ಒಪ್ಪುತ್ತೇನೆ. ಹೆಸರು ಕೊಟ್ಟದ್ದಕ್ಕೆ ಆ ಪುಟ್ಟ ದೇಶಕ್ಕೆ ನಾಲ್ಕು ಕಾಸು ಬರುತ್ತದೆ, ಅದೂ ಬರಲಿ. ಆದರೆ ದೇಶದ ಹೆಸರಿನ ಪಕ್ಕದಲ್ಲಿ ಆ ದೇಶದ ಜೀವಿ ಇರಬೇಕು ಅಲ್ವಾ?

ಪೆಸಿಫಿಕ್‌ನ ಇನ್ನೊಂದು ದ್ವೀಪದೇಶ ಪಲಾವು ಇದನ್ನು ಚೆನ್ನಾಗಿ ಮಾಡಿತು. ಅಲ್ಲಿ ನಡೆಯುವುದು ಅಮೆರಿಕದ ಡಾಲರ್. ಹಾಗಾಗಿ ಅದರ ನಾಣ್ಯಗಳೆಲ್ಲ ಸಂಗ್ರಹಕಾರರಿಗೇ. ಆದರೂ 1992ರಿಂದ ಬಂದ ಬಣ್ಣದ ನಾಣ್ಯಗಳ ವಿಷಯ ಕಡಲ ಜೀವಿಗಳ ರಕ್ಷಣೆ. 2009ರಲ್ಲಿ ಅದೇ ದೇಶ ತನ್ನ ಸಮುದ್ರವನ್ನು ಶಾರ್ಕ್‌ಗಳ ಅಭಯಧಾಮ ಮಾಡಿತು. ಅದೇ ಸಾಗರದ ನಿಯುವೆ ದ್ವೀಪದ ಸುತ್ತ ಕಟುವಾಲಿ ಅನ್ನುವ ಕಡಲ ಹಾವಿದೆ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನಿಯುವೆ ಹೆಸರಿನ ನಾಣ್ಯ ಕಂಡರೆ ನಾನು ಮೊದಲು ಹುಡುಕುವುದು ಅದನ್ನೇ.

ನಮ್ಮ ನಾಲ್ಕಾಣೆಯ ಘೇಂಡಾಮೃಗ ನೆನಪಿದೆಯಾ? ಎಷ್ಟೋ ಮಕ್ಕಳು ಆ ಪ್ರಾಣಿಯನ್ನು ಮೊದಲು ನೋಡಿದ್ದು ಅಲ್ಲೇ. ನಾನೂ ಅಷ್ಟೇ.

ಮೊನ್ನೆ ಮಗಳಿಗೆ ಎರಡೂ ನಾಣ್ಯ ತೋರಿಸಿದೆ. ಜೇಡದ್ದು ಪ್ಲಾಸ್ಟಿಕ್ ಡಬ್ಬಿಯೊಳಗಿದೆ, ತೆಗೆಯುವ ಹಾಗಿಲ್ಲ. ಆಮೆಯದ್ದನ್ನು ಕೈಗೆ ತೆಗೆದುಕೊಂಡು ಒಂದೊಂದೇ ಮೂಲೆ ಎಣಿಸಿದಳು.

ನನ್ನ ಟುವಾಲು ಸೆಟ್ಟಿನಲ್ಲಿ ತೊರಕೆಯ ಎರಡು ಸೆಂಟ್ ಒಂದು ಸಿಕ್ಕಿಲ್ಲ. ಯಾರ ಹತ್ತಿರವಾದರೂ ಎರಡಿದ್ದರೆ ದಯವಿಟ್ಟು ಹೇಳಿ.